ಈಜಿಪ್ಟ್ ಪದಕದ ಪಟ್ಟಿಯೂ ಸೇವಾ ದಾಖಲೆಯೂ ತಾಳೆಯಾಗುತ್ತಿಲ್ಲ

ನಾಣ್ಯಪೆಟ್ಟಿಗೆ:
ಬ್ರಿಟಿಷ್ ನೌಕಾಪಡೆಯ ಕಾಲಾಳು ದಳವಾದ ರಾಯಲ್ ಮೆರೀನ್ ಲೈಟ್ ಇನ್‌ಫೆಂಟ್ರಿಯ ಸಾಮಾನ್ಯ ಸಿಪಾಯಿಯೊಬ್ಬನ ಎರಡು ಪದಕಗಳನ್ನು ಹರಾಜಿನಲ್ಲಿ ಕೊಂಡೆ. ಬೆಳ್ಳಿಯ ಈಜಿಪ್ಟ್ ಪದಕದ ಅಂಚಿನಲ್ಲಿ ಹೆಸರಿದೆ. ರಿಬ್ಬನ್ನಿನ ಮೇಲೆ ಕಾಳಗದ ಹೆಸರಿರುವ ಎರಡು ಲೋಹದ ಪಟ್ಟಿಗಳಿವೆ: ಕೆಳಗೆ ‘ಎಲ್-ತೆಬ್ ತಮಾಯ್’ (1884ರ ಸುಡಾನಿನ ಎರಡು ಕಾಳಗಗಳು), ಮೇಲೆ ‘ತೆಲ್-ಎಲ್-ಕೆಬೀರ್’. ಇನ್ನೊಂದು ಈಜಿಪ್ಟಿನ ಆಳರಸ ಖೆದಿವ್ ಕೊಟ್ಟ ಕಂಚಿನ ನಕ್ಷತ್ರ. ತೆಲ್-ಎಲ್-ಕೆಬೀರ್ ಕಾಳಗ ನಡೆದದ್ದು 1882ರ ಸೆಪ್ಟೆಂಬರ್ 13ರಂದು. ಸೇವಾ ದಾಖಲೆಯ ಪ್ರಕಾರ ಈತ ಸೇನೆಗೆ ಸೇರಿದ್ದೇ ಆ ನವೆಂಬರ್‌ನಲ್ಲಿ! ನಾನು ಬೇರೆ ಯಾರದೋ ದಾಖಲೆ ನೋಡುತ್ತಿದ್ದೇನೆಯೇ?

ಭೂತಗನ್ನಡಿ:
ದಾಖಲೆಯನ್ನು ಆಮೇಲೆ ದೂರೋಣ. ಪದಕವನ್ನು ತಿರುಗಿಸಿ, ಸ್ಫಿಂಕ್ಸ್‌ನ ಪೀಠದ ಕೆಳಗೆ 1882 ಎಂದಿದೆಯೇ? ನಕ್ಷತ್ರದಲ್ಲಿರುವ ಇಸವಿ ಯಾವುದು?

ನಾಣ್ಯಪೆಟ್ಟಿಗೆ:
ಪೀಠದ ಕೆಳಗೆ ಖಾಲಿ. ನಕ್ಷತ್ರದಲ್ಲಿ 1884, ಜೊತೆಗೆ ಅರಬ್ಬಿ ಅಂಕಿಗಳಲ್ಲಿ ಹಿಜರಿ 1301.

ಭೂತಗನ್ನಡಿ:
ಹಾಗಾದರೆ ದಾಖಲೆ ಸುಳ್ಳು ಹೇಳುತ್ತಿಲ್ಲ, ಮೇಲಿನ ಪಟ್ಟಿ ಹೇಳುತ್ತಿದೆ. 1882ರ ಈಜಿಪ್ಟ್ ದಂಡಯಾತ್ರೆಯಲ್ಲಿದ್ದವರಿಗೆ ಇಸವಿ ಇರುವ ಪದಕ ಕೊಟ್ಟರು. ಅವರು ಮುಂದೆ ಸುಡಾನಿನಲ್ಲೂ ಹೋರಾಡಿದರೆ ಎರಡನೆಯ ಪದಕವಿಲ್ಲ, ಪಟ್ಟಿ ಮಾತ್ರ. 1884ರಲ್ಲಿ ಮೊದಲ ಬಾರಿ ಹೋದವರದು ಇಸವಿಯಿಲ್ಲದ ಪದಕ. ನಿಮ್ಮದು ಅದೇ. ಪಟ್ಟಿಗಳ ಕ್ರಮವನ್ನೂ ನೋಡಿ: ಹಳೆಯದು ಕೆಳಗೆ, ಹೊಸದು ಮೇಲೆ ಬರಬೇಕು. ನಿಮ್ಮದರಲ್ಲಿ ತಲೆಕೆಳಗು. ನಕ್ಷತ್ರವೂ ಒಬ್ಬನಿಗೆ ಒಂದೇ. ತೆಲ್-ಎಲ್-ಕೆಬೀರ್‌ನಲ್ಲಿದ್ದವನ ಬಳಿ 1882ರದು ಇರಬೇಕಿತ್ತು. ಆದರೆ ನಕ್ಷತ್ರಗಳನ್ನು ಹೆಸರು ಕೆತ್ತದೆಯೇ ಹಂಚಿದ್ದರಿಂದ ಆ ಸಾಕ್ಷ್ಯವನ್ನು ನಾನು ಹೆಚ್ಚು ನೆಚ್ಚುವುದಿಲ್ಲ.

ಕಂಟೋನ್ಮೆಂಟ್:
ಒಂದು ಎಚ್ಚರಿಕೆ. ಚಾಥಮ್, ಪೋರ್ಟ್ಸ್‌ಮತ್, ಪ್ಲಿಮತ್ ಎಂಬ ಮೆರೀನ್ ಡಿವಿಷನ್‌ಗಳು ತಮ್ಮ ತಮ್ಮ ದಾಖಲೆ ತಾವೇ ಇಟ್ಟುಕೊಂಡಿದ್ದವು. ಒಂದೇ ಹೆಸರಿನವರು ಮೂರು ಕಡೆಯೂ ಸಿಗಬಹುದು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಎಡಿಎಂ 171 ಸರಣಿಯ (ನೌಕಾಪಡೆಯ ದಾಖಲೆಗಳು) ಪದಕಪಟ್ಟಿಯಲ್ಲಿ, ಅಂದರೆ ಪದಕ ಪಡೆದವರ ಯಾದಿಯಲ್ಲಿ, ಆತನ ಹೆಸರಿನ ಮುಂದೆ ಯಾವ ಕಾಳಗಗಳಿವೆ ಎಂದು ನೋಡಿಬಿಡಿ. (ಅಂದಹಾಗೆ, ತೆಲ್-ಎಲ್-ಕೆಬೀರ್ ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಗೌರವಪಟ್ಟಿಯಲ್ಲೂ ಇದೆ.)

ನಾಣ್ಯಪೆಟ್ಟಿಗೆ:
ಪದಕಪಟ್ಟಿ ತರಿಸಿದೆ: ಎಲ್-ತೆಬ್, ತಮಾಯ್ ಅಷ್ಟೇ. ಮಸೂರ ಹಿಡಿದು ನೋಡಿದಾಗ ಮೇಲಿನ ಪಟ್ಟಿಯನ್ನು ಜೋಡಿಸುವ ರಿವೆಟ್ (ಮೊಳೆ) ಬೆಸುಗೆಯದೆಂದು ಗೊತ್ತಾಯಿತು. ಆ ಪಟ್ಟಿಯನ್ನು ಕಿತ್ತುಹಾಕಲೇ?

ಭೂತಗನ್ನಡಿ:
ಈಗಲೇ ಬೇಡ. ಮೊದಲು ಹಿಂದೆ ಮುಂದೆ ಫೋಟೋ ತೆಗೆದು ಮಾರಿದವರಿಗೆ ಕಳುಹಿಸಿ. ಬೆಸುಗೆಯೇ ನಿಮ್ಮ ಸಾಕ್ಷಿ. 1884ರ ಫೆಬ್ರವರಿ 29 ಮತ್ತು ಮಾರ್ಚ್ 13, ಎರಡೂ ಕಾಳಗಗಳಲ್ಲಿ ನಿಂತವನ ಪದಕಕ್ಕೆ ಇನ್ನೊಂದು ಪಟ್ಟಿ ಅಂಟಿಸಿ ಬೆಲೆ ಏರಿಸಲು ಹೊರಟವನಿಗೆ ಏನೆನ್ನಬೇಕೋ!