ಹಳೆ ಬಾಯ್ಲರ್‌ನಿಂದ ಡಿಸಿಎಸ್‌ಗೆ: ಆಪರೇಟರ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಹೇಗೆ ಕೊಡಬೇಕು?

ಕಬ್ಬಿನಗಾಣ:

ಸಕ್ಕರೆ ಕಾರ್ಖಾನೆಯೊಂದರಲ್ಲಿ 21 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಹಳೆ ಬಾಯ್ಲರ್‌ಗಳನ್ನು ಕಳಚಿ, ಗಂಟೆಗೆ 70 ಟನ್ ಹಬೆ ಕೊಡುವ, 67 ಕೆಜಿ, 495 ಡಿಗ್ರಿಯ ಒಂದೇ ಬಗ್ಯಾಸ್ (ಕಬ್ಬಿನ ಸಿಪ್ಪೆ) ಬಾಯ್ಲರ್ ಕೂರಿಸುತ್ತಿದ್ದಾರೆ. ಜೊತೆಗೆ ಅದೇ ಹಬೆಯಿಂದ ವಿದ್ಯುತ್ತನ್ನೂ ತೆಗೆಯುವ ಕೋಜೆನ್ ಟರ್ಬೈನ್. ಇಷ್ಟು ವರ್ಷ ಗೇಜ್ ಗ್ಲಾಸ್ (ನೀರಿನ ಮಟ್ಟ ತೋರಿಸುವ ಗಾಜು) ನೋಡಿ ವಾಲ್ವ್ ತಿರುಗಿಸುತ್ತ, ಕಿಂಡಿಯಲ್ಲಿ ಬೆಂಕಿಯ ಬಣ್ಣ ನೋಡಿ ಬಗ್ಯಾಸ್ ಬಿಡುತ್ತಿದ್ದ 14 ಆಪರೇಟರ್‌ಗಳು ಇನ್ನು ಪರದೆ ಮುಂದೆ ಕೂರಬೇಕು. ಹಂಗಾಮು ಶುರುವಾಗಲು ನಾಲ್ಕು ತಿಂಗಳಿದೆ. ಡಿಸಿಎಸ್ (ಕಂಪ್ಯೂಟರ್ ಪರದೆಯಿಂದ ಬಾಯ್ಲರ್ ನಡೆಸುವ ನಿಯಂತ್ರಣ ವ್ಯವಸ್ಥೆ) ಕೊಡುವವರು ಮೂರು ದಿನದ ತರಬೇತಿ ಅಂದಿದ್ದಾರೆ, ಅಂದರೆ ಯಾವ ಬಟನ್ ಎಲ್ಲಿದೆ ಅಂತ ತೋರಿಸುವುದು. ಅದು ಸಾಲದು ಅನ್ನುವುದು ಗೊತ್ತು. ರೆಡಿಮೇಡ್ ಸಿಮ್ಯುಲೇಟರ್ ತಂದರೆ ನಡೆಯುತ್ತಾ? ಏನೇನು ಅಭ್ಯಾಸ ಮಾಡಿಸಬೇಕು? ಮೌಸ್ ಹಿಡಿಯಲೇ ಹಿಂಜರಿಯುವ ಹಿರಿಯರನ್ನು ಹೇಗೆ ಕೂರಿಸುವುದು?

ಲೂಪ್‌ಟ್ಯೂನರ್:

ಮೊದಲು ಒಂದು ಲೆಕ್ಕ. ಬಾಯ್ಲರ್‌ನ ಡ್ರಮ್ (ನೀರು, ಹಬೆ ಬೇರ್ಪಡುವ ಮೇಲಿನ ಪಾತ್ರೆ) 1.5 ಮೀಟರ್ ವ್ಯಾಸ, 8 ಮೀಟರ್ ಉದ್ದ ಅಂತಿಟ್ಟುಕೊಳ್ಳಿ. ನಾರ್ಮಲ್ ಮಟ್ಟದಿಂದ ಟ್ರಿಪ್ ಮಟ್ಟಕ್ಕೆ (ಬಾಯ್ಲರ್ ತಾನಾಗಿ ನಿಲ್ಲುವ ಮಟ್ಟ) 150 ಮಿಮೀ ಇದ್ದರೆ ನಡುವೆ ಇರುವ ನೀರು 1.8 ಘನ ಮೀಟರ್. ಆ ಒತ್ತಡದಲ್ಲಿ ನೀರು ಸುಮಾರು 285 ಡಿಗ್ರಿ ಇರುತ್ತದೆ, ಘನ ಮೀಟರಿಗೆ 740 ಕೆಜಿ ಆಸುಪಾಸು ತೂಗುತ್ತದೆ. ಅಲ್ಲಿಗೆ 1,330 ಕೆಜಿ. ಪೂರ್ತಿ ಲೋಡ್‌ನಲ್ಲಿ ಸೆಕೆಂಡಿಗೆ 19.4 ಕೆಜಿ ಹಬೆ ಹೋಗುತ್ತಿರುತ್ತದೆ. ನೀರು ತುಂಬುವ ಫೀಡ್ ಪಂಪ್ ನಿಂತರೆ ಕೈಯಲ್ಲಿರುವುದು 68 ಸೆಕೆಂಡ್, ಗುಳ್ಳೆಗಳ ಜಾಗ ಕಳೆದರೆ ಇನ್ನೂ ಕಡಿಮೆ. ನಿಮ್ಮ ಡ್ರಾಯಿಂಗ್ ಅಳತೆ ಹಾಕಿ ಇದೇ ಲೆಕ್ಕ ಮಾಡಿ, ತರಬೇತಿ ಕೋಣೆಯ ಗೋಡೆಗೆ ಅಂಟಿಸಿ. ಎದ್ದು ಹೋಗಿ ಗೇಜ್ ಗ್ಲಾಸ್ ನೋಡಿ ಬರುವಷ್ಟು ಹೊತ್ತು ಇಲ್ಲ ಅನ್ನುವುದು ಅದರಿಂದಲೇ ಅರ್ಥವಾಗುತ್ತದೆ.

ಇನ್ನು ರೆಡಿಮೇಡ್ ವಿಷಯ. ಕೊಳ್ಳುವ ಮುಂಚೆ ಒಂದೇ ಒಂದು ಪರೀಕ್ಷೆ ಮಾಡಿ. ಫೀಡ್ ವಾಟರ್ ಮ್ಯಾನುಯಲ್‌ಗೆ ಹಾಕಿ, ಹಬೆಯ ಬೇಡಿಕೆಯನ್ನು ಒಮ್ಮೆಲೇ 10 ಶೇಕಡಾ ಏರಿಸಿ. ಮಟ್ಟ ಮೊದಲು ಮೇಲೇರಿ ಆಮೇಲೆ ಇಳಿಯಬೇಕು. ಒತ್ತಡ ಬಿದ್ದಾಗ ಗುಳ್ಳೆಗಳು ಹಿಗ್ಗುತ್ತವೆ. ಹಾಲು ಉಕ್ಕುವಾಗ ಪಾತ್ರೆಯಲ್ಲಿ ಹಾಲೇನೂ ಹೆಚ್ಚಾಗಿರುವುದಿಲ್ಲವಲ್ಲ, ಹಾಗೆ. ಸಿಮ್ಯುಲೇಟರ್‌ನಲ್ಲಿ ಮಟ್ಟ ನೇರವಾಗಿ ಕೆಳಗಿಳಿದರೆ ಅದು ಬಾಯ್ಲರ್ ಅಲ್ಲ, ನೀರಿನ ಟ್ಯಾಂಕು. ವಾಪಸ್ ಕಳಿಸಿ. ಅದರ ಮೇಲೆ ಕಲಿತವರು ನಿಜವಾದ ಬಾಯ್ಲರ್‌ನಲ್ಲಿ ತಪ್ಪು ಕೈ ಹಾಕುತ್ತಾರೆ, ಏನೂ ಕಲಿಯದವರಿಗಿಂತ ಅವರೇ ಅಪಾಯ.

ಬಗ್ಯಾಸ್ ಬದಿಯಲ್ಲೂ ಹಾಗೆಯೇ. ಅರ್ಧಕ್ಕರ್ಧ ತೇವ ಇರುವ ಇಂಧನ ಅದು. ಒಣಗಿ ಉರಿಯಲು ಹೊತ್ತು ಬೇಕು. ಬಗ್ಯಾಸ್ ಬಿಡುವ ಡ್ರಮ್ ಫೀಡರ್‌ನ ವೇಗ ಹೆಚ್ಚಿಸಿದ ಕೂಡಲೇ ಒತ್ತಡ ಏರಿದರೆ ಮಾಡೆಲ್ ಸುಳ್ಳು.

ಒಳ್ಳೆಯ ದಾರಿ ಅಂದರೆ ನಿಮ್ಮದೇ ಡಿಸಿಎಸ್ ಲಾಜಿಕ್ ಅನ್ನು ವರ್ಚುವಲ್ ಕಂಟ್ರೋಲರ್‌ನಲ್ಲಿ ಓಡಿಸಿ, ಬಾಯ್ಲರ್ ಮಾಡೆಲ್ ಅನ್ನು ಅದಕ್ಕೆ ಒಪಿಸಿ (ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸುವ ವ್ಯವಸ್ಥೆ) ಮೂಲಕ ಜೋಡಿಸುವುದು. ಪರದೆ, ಅಲಾರಂ, ಇಂಟರ್‌ಲಾಕ್ (ಅಪಾಯವಿದ್ದರೆ ತಾನಾಗಿ ತಡೆಯುವ ಲಾಜಿಕ್) ಎಲ್ಲ ಅಸಲಿಯದೇ. ಲಾಜಿಕ್‌ನ ತಪ್ಪುಗಳೂ ಚಾಲನೆಗೆ ಮುಂಚೆಯೇ ಸಿಗುತ್ತವೆ. ಇದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ. ಆಮೇಲೆ ಕೇಳಿದರೆ ಬೇರೆ ಬಿಲ್.

ಶಿಫ್ಟ್_ಬಿ:

ಮೇಲಿನವರು ಮಾಡೆಲ್ ಬಗ್ಗೆ ಹೇಳಿದ್ದು ಸರಿ. ಅಭ್ಯಾಸಗಳ ಬಗ್ಗೆ ನಾನು ಬರೆಯುತ್ತೇನೆ.

14 ಜನ ಅಂದರೆ ಏಳು ಜೋಡಿ. ಒಂದೇ ಸಿಮ್ಯುಲೇಟರ್, ದಿನಕ್ಕೆ ಎರಡು ಗಂಟೆಯ ಮೂರು ಪಾಳಿ, ವಾರಕ್ಕೆ ಆರು ದಿನ: 18 ಪಾಳಿ. ಪ್ರತಿ ಜೋಡಿಗೆ ಎರಡು ಕೊಟ್ಟರೆ ನಾಲ್ಕು ಉಳಿಯುತ್ತವೆ, ಹಿಂದೆ ಬಿದ್ದವರಿಗೆ ಅವು. ಐದು ವಾರಕ್ಕೆ ತಲಾ 20 ಗಂಟೆ ಆಗುತ್ತದೆ. ಪಾಳಿಯಲ್ಲಿ ಓಡಿಸುವುದು 45 ನಿಮಿಷ ಸಾಕು. ಉಳಿದದ್ದು ಟ್ರೆಂಡ್ (ಹೊತ್ತಿನೊಂದಿಗೆ ಬದಲಾದ ಅಳತೆಗಳ ಗೆರೆ) ಹಿಂದಕ್ಕೆ ತಿರುಗಿಸಿ, ಇಲ್ಲಿ ಯಾಕೆ ಫೀಡ್ ಕಡಿಮೆ ಮಾಡಿದಿರಿ ಅಂತ ಕೇಳುವುದಕ್ಕೆ. ಕಲಿಕೆ ಆಗುವುದು ಅಲ್ಲೇ.

ಮೊದಲೆರಡು ಪಾಳಿ ಬರೀ ಮೌಸ್, ಫೇಸ್‌ಪ್ಲೇಟ್ (ಪರದೆಯ ಮೇಲಿನ ಕಂಟ್ರೋಲ್ ಕಿಟಕಿ), ಮ್ಯಾನುಯಲ್‌ನಿಂದ ಆಟೋಗೆ ಹಾಕುವುದು. ಆಮೇಲೆ ತಣ್ಣಗಿನ ಬಾಯ್ಲರ್ ಎಬ್ಬಿಸುವುದು. ಇಲ್ಲಿ ಎಡವುವ ಜಾಗ ಒಂದಿದೆ: ಕಡಿಮೆ ಲೋಡ್‌ನಲ್ಲಿ ತ್ರೀ ಎಲಿಮೆಂಟ್ ಕಂಟ್ರೋಲ್ (ಮಟ್ಟ, ಹಬೆ, ಫೀಡ್ ಮೂರನ್ನೂ ನೋಡಿ ನೀರು ಬಿಡುವುದು) ಹಾಕುವುದು. ಹರಿವು 25 ಶೇಕಡಾ ಇದ್ದಾಗ ಓರಿಫಿಸ್‌ನ (ಹರಿವು ಅಳೆಯಲು ಕೊಳವೆಯಲ್ಲಿಡುವ ತೂತಿನ ಬಿಲ್ಲೆ) ಒತ್ತಡ ವ್ಯತ್ಯಾಸ 6.25 ಶೇಕಡಾ ಮಾತ್ರ, ಫ್ಲೋ ರೀಡಿಂಗ್ ನಂಬುವ ಹಾಗಿಲ್ಲ. ಲೋಡ್ ಏರುವವರೆಗೆ ಸಿಂಗಲ್ ಎಲಿಮೆಂಟ್, ಅಂದರೆ ಮಟ್ಟ ಒಂದನ್ನೇ ನೋಡುವುದು.

ಅತಿ ಹೆಚ್ಚು ಸಲ ಮಾಡಿಸಬೇಕಾದದ್ದು ಟರ್ಬೈನ್ ಟ್ರಿಪ್. ಹಬೆ ಹೋಗುವುದು ನಿಲ್ಲುತ್ತದೆ, ಒತ್ತಡ ಏರುತ್ತದೆ, ಗುಳ್ಳೆಗಳು ಕುಗ್ಗಿ ಮಟ್ಟ ಕುಸಿದಂತೆ ಕಾಣುತ್ತದೆ. ಹಳೆ ಕೈ ತಾನಾಗಿ ನೀರು ಬಿಡುತ್ತದೆ. ಅಷ್ಟರಲ್ಲಿ ಸ್ಟಾರ್ಟ್ ಅಪ್ ವೆಂಟೋ ಸೇಫ್ಟಿ ವಾಲ್ವೋ ತೆರೆದರೆ ಮಟ್ಟ ಉಕ್ಕಿ ನೀರು ಸೂಪರ್‌ಹೀಟರ್‌ಗೆ (ಹಬೆಯನ್ನು ಇನ್ನಷ್ಟು ಕಾಯಿಸುವ ಕೊಳವೆಗಳು) ನುಗ್ಗುತ್ತದೆ. ಮೊದಲು ಬಗ್ಯಾಸ್ ಫೀಡರ್ ಇಳಿಸಬೇಕು, ಪಿಆರ್‌ಡಿಎಸ್ (ಹಬೆಯ ಒತ್ತಡ, ಬಿಸಿ ಇಳಿಸುವ ವ್ಯವಸ್ಥೆ) ತೆರೆದು ಸಕ್ಕರೆ ಪ್ರೋಸೆಸ್‌ಗೆ ಹಬೆ ಕೊಡಬೇಕು, ಮಟ್ಟದ ಬೆನ್ನು ಹತ್ತಬಾರದು. ಹೊಗೆ ಎಳೆಯುವ ಐಡಿ ಫ್ಯಾನ್ ನಿಂತಾಗ ಗಾಳಿ ಊದುವ ಎಫ್‌ಡಿ, ಎಸ್‌ಎ ಫ್ಯಾನ್‌ಗಳು, ಫೀಡರ್ ಮೂರೂ ನಿಲ್ಲಬೇಕು. ಮತ್ತೆ ಎಬ್ಬಿಸುವಾಗ ಐಡಿಯೇ ಮೊದಲು.

ಸುಳ್ಳು ಹೇಳುವ ಟ್ರಾನ್ಸ್‌ಮಿಟರ್ (ಅಳತೆಯನ್ನು ಪರದೆಗೆ ಕಳಿಸುವ ಉಪಕರಣ) ಒಂದನ್ನೂ ಕೊಡಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ತೈಲ ರಿಫೈನರಿಯ ಸ್ಫೋಟದಲ್ಲಿ 15 ಜನ ಸತ್ತಾಗ ಟವರ್ ತುಂಬಿ ತುಳುಕುತ್ತಿತ್ತು, ಲೆವೆಲ್ ಟ್ರಾನ್ಸ್‌ಮಿಟರ್ ಮಾತ್ರ ಇಳಿಯುತ್ತಿದೆ ಅನ್ನುತ್ತಿತ್ತು. ಒಳಗೆ ಬರುವ ಹರಿವು ಒಂದು ಪರದೆಯಲ್ಲಿ, ಹೊರಗೆ ಹೋಗುವುದು ಇನ್ನೊಂದರಲ್ಲಿ. ಹಬೆ, ಫೀಡ್, ಮಟ್ಟ ಮೂರನ್ನೂ ಒಂದೇ ಟ್ರೆಂಡ್‌ನಲ್ಲಿ ಇಡಿಸಿ.

ಕಬ್ಬಿನಗಾಣ:

ತುಂಬಾ ಉಪಯೋಗವಾಯ್ತು. ಹಿರಿಯರ ವಿಷಯ ಯಾರೂ ಹೇಳಲಿಲ್ಲ. ಮತ್ತೆ ಅಲಾರಂ ಎಷ್ಟು ಇಡಬೇಕು?

ಗೇಜ್‌ಗ್ಲಾಸ್:

ಹಿರಿಯರನ್ನು ಅವರ ಕೈಕೆಳಗಿನ ಹುಡುಗರ ಜೊತೆ ಕೂರಿಸಬೇಡಿ. ಇಬ್ಬರು ಹಿರಿಯರ ಜೋಡಿ ಮಾಡಿ, ಅಂಕ ಪಟ್ಟಿ ಅಂಟಿಸಬೇಡಿ. ಮ್ಯಾನೇಜರ್ ಹಿಂದೆ ನಿಂತು ನೋಡುವುದಂತೂ ಬೇಡವೇ ಬೇಡ. ಬೆಂಕಿಯ ಬಣ್ಣ ನೋಡಿ ಅವರು ಹಿಡಿಯುತ್ತಿದ್ದದ್ದು ಪರದೆಯಲ್ಲಿ ಆಕ್ಸಿಜನ್ ಮತ್ತು ಫರ್ನೇಸ್ ಡ್ರಾಫ್ಟ್ ಗೆರೆಗಳಾಗಿ ಬರುತ್ತದೆ. ಒದ್ದೆ ಬಗ್ಯಾಸ್ ಬಂದಾಗ ಈ ಗೆರೆ ಹೇಗೆ ಕಾಣುತ್ತೆ ಹೇಳಿ ಅಂತ ಅವರನ್ನೇ ಕೇಳಿ. ಮಾಡೆಲ್ ತಿದ್ದಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಅಲಾರಂ: ಹತ್ತು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ಬಂದರೆ ಅದನ್ನು ಪ್ರವಾಹ ಅಂತಲೇ ಪರಿಗಣಿಸುತ್ತಾರೆ. ಟರ್ಬೈನ್ ಟ್ರಿಪ್ ಅಭ್ಯಾಸದಲ್ಲಿ ಎಣಿಸಿ ನೋಡಿ. ಆಪರೇಟರ್ ಏನೂ ಮಾಡಬೇಕಿಲ್ಲದ ಸಂದೇಶಕ್ಕೆ ಅಲಾರಂ ಬೇಕಿಲ್ಲ, ತೆಗೆಸಿ. ಉಳಿದವುಗಳ ಪಠ್ಯ ಕನ್ನಡದಲ್ಲಿರಲಿ.

ಇನ್ನೊಂದು ಮಾತು. ವಾಲ್ವ್ ಬಣ್ಣ ಬದಲಾಯಿತು ಅಂದರೆ ಆದೇಶ ಹೋಯಿತು ಅಂತಲೋ, ವಾಲ್ವ್ ನಿಜಕ್ಕೂ ಮುಚ್ಚಿತು ಅಂತಲೋ? 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತದಲ್ಲಿ ದೀಪ ತೋರಿಸಿದ್ದು ಆದೇಶವನ್ನು. ವಾಲ್ವ್ ತೆರೆದೇ ಇತ್ತು. ಅಂಟಿಕೊಂಡ ವಾಲ್ವ್ ಒಂದನ್ನು ಎಲ್ಲರಿಗೂ ಕೊಡಿ, ತರಬೇತುದಾರರೇ ವಾಕಿಟಾಕಿಯಲ್ಲಿ ಫೀಲ್ಡ್ ಆಪರೇಟರ್ ಆಗಿ ಉತ್ತರಿಸಲಿ. ಕೇಳಿದರೆ ಮಾತ್ರ ಹೇಳಬೇಕು.

ಗೇಜ್ ಗ್ಲಾಸ್ ಬ್ಲೋ ಮಾಡುವುದು (ಹಬೆ, ನೀರು ಹೊರಬಿಟ್ಟು ತೊಳೆಯುವುದು), ಕಟ್ಟಿಕೊಂಡ ಬಗ್ಯಾಸ್ ಚ್ಯೂಟ್ ಬಿಡಿಸುವುದು ಸಿಮ್ಯುಲೇಟರ್‌ನಲ್ಲಿ ಬರುವುದಿಲ್ಲ, ಅದಕ್ಕೆ ಬಾಯ್ಲರ್ ಬಳಿಯೇ ಹೋಗಬೇಕು. ಚಾಲನೆಯ ಹೊತ್ತಿಗೆ ಲೂಪ್ ಟ್ಯೂನಿಂಗ್ (ಆಟೋ ಕಂಟ್ರೋಲ್‌ನ ಹೊಂದಾಣಿಕೆ), ಟ್ರಿಪ್ ಮಟ್ಟ ಬದಲಾಗಿಯೇ ಆಗುತ್ತವೆ. ಅದೇ ವಾರ ಸಿಮ್ಯುಲೇಟರ್‌ನಲ್ಲೂ ಬದಲಾಯಿಸಲು ಒಬ್ಬರ ಹೆಸರು ಈಗಲೇ ಬರೆದಿಡಿ.