ಹನಿಗತೆ, ಕಿರುಗತೆ, ಆಶುಕಥೆ: ಯಾವುದಕ್ಕೆ ಯಾವ ಹೆಸರು?

ಮಾನ್ಯರೇ,

ಕೆಲವೇ ಸಾಲುಗಳಲ್ಲಿ ಮುಗಿಯುವ ಕತೆಗೆ ಕನ್ನಡದಲ್ಲಿ ಈಗ ಹನಿಗತೆ, ಕಿರುಗತೆ, ಮಿನಿಕತೆ, ನ್ಯಾನೋ ಕತೆ ಎಂದು ಹಲವು ಹೆಸರುಗಳು ಬಳಕೆಯಲ್ಲಿವೆ. ಹೆಸರುಗಳು ಹಲವಿದ್ದರೆ ತೊಂದರೆಯೇನೂ ಇಲ್ಲ. ಆದರೆ ಒಂದು ಎಳೆಯನ್ನು ಹಿಡಿದು, ಹತ್ತು ನಿಮಿಷ ಕುಳಿತು, ಕೈ ಪಳಗಲೆಂದು ಬರೆಯುವ ಅಭ್ಯಾಸವನ್ನೂ ಇವೇ ಹೆಸರುಗಳಿಂದ ಕರೆಯುತ್ತಿರುವುದರಿಂದ, ಸಾಹಿತ್ಯ ಪ್ರಕಾರ ಯಾವುದು, ಅದಕ್ಕಾಗಿ ಮಾಡುವ ತಾಲೀಮು ಯಾವುದು ಎಂಬ ಗೆರೆ ಅಳಿಸಿಹೋಗುತ್ತಿದೆ. ಇವೆರಡಕ್ಕೂ ಬೇರೆ ಬೇರೆ ಪದಗಳು ಬೇಕೆಂದು ನನಗೆ ಅನ್ನಿಸುತ್ತದೆ. ಅವು ಯಾವುವಾಗಬಹುದೆಂದು ತಮ್ಮೆಲ್ಲರನ್ನು ಕೇಳುವುದಕ್ಕಾಗಿ ಈ ಪತ್ರ.

ಮೊದಲು ಪ್ರಕಾರದ ಹೆಸರು. ‘ನೀಳ್ಗತೆ’ಯಲ್ಲಿ ಕಕಾರವು ಗಕಾರವಾಗುವ ಆದೇಶಸಂಧಿಯೇ ‘ಹನಿಗತೆ’, ‘ಕಿರುಗತೆ’ಗಳಲ್ಲೂ ಇದೆ, ‘ಕತೆ’ ತದ್ಭವವಾದ್ದರಿಂದ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸವೆಂಬ ತಕರಾರೂ ಏಳುವುದಿಲ್ಲ. ಇವೆರಡರಲ್ಲಿ ‘ಕಿರುಗತೆ’ಯನ್ನು ಕೆಲವರು ಸಣ್ಣಕತೆಗೇ ಪರ್ಯಾಯವಾಗಿ ಬಳಸುವುದುಂಟು. ಹಾಗಾಗಿ ಅದನ್ನು ಕೇಳಿದವರಿಗೆ ಹತ್ತು ಪುಟದ ಕತೆಯೋ ಹತ್ತು ಸಾಲಿನದೋ ತಿಳಿಯುವುದಿಲ್ಲ. ‘ಹನಿಗತೆ’ಗೆ ಆ ಗೊಂದಲವಿಲ್ಲ, ‘ಹನಿಗವನ’ ಪರಿಚಿತವಾಗಿರುವುದರಿಂದ ಅದರ ಅಳತೆ ತಾನಾಗಿಯೇ ಹೊಳೆಯುತ್ತದೆ. ಆದರೆ ಹನಿಗವನದ ಜೊತೆಗೆ ಬಂದ ಶ್ಲೇಷೆ, ಕೊನೆಯ ಸಾಲಿನ ಚಮತ್ಕಾರ ಮುಂತಾದ ನಿರೀಕ್ಷೆಗಳೂ ಈ ಪದಕ್ಕೆ ಅಂಟಿಕೊಂಡಿವೆ. ಹನಿಗತೆಗೆ ಬೇಕಾದುದು ಚಮತ್ಕಾರವಲ್ಲ, ಸ್ಥಿತಿಯಲ್ಲೊಂದು ಬದಲಾವಣೆ. ಚರ್ಚೆಗೆ ಅನುಕೂಲವಾಗಲೆಂದು ಒಂದು ಉದಾಹರಣೆಯನ್ನು ನಾನೇ ಬರೆದಿದ್ದೇನೆ:

“ಕೊಡೆ ವಾಪಸು ಕೊಡುವ ನೆಪದಲ್ಲಿ ಅವನು ಮತ್ತೆ ಬಂದ. ಬಾಗಿಲು ತೆರೆದವಳ ಕೈಯಲ್ಲಿ ಹೊಸ ಕೊಡೆಯಿತ್ತು.”

ಇಲ್ಲಿ ‘ನೆಪ’ ಎಂಬ ಪದವನ್ನು ತೆಗೆದು ‘ವಾಪಸು ಕೊಡಲು’ ಎಂದರೆ ಕೊಡೆ ಮಾತ್ರ ಉಳಿಯುತ್ತದೆ, ಕತೆ ಹೋಗುತ್ತದೆ. ‘ಮತ್ತೆ’ಯನ್ನು ತೆಗೆದರೆ ಇಬ್ಬರ ನಡುವಿನ ಹಿಂದಿನ ದಿನಗಳೇ ಇಲ್ಲವಾಗುತ್ತವೆ. ‘ಅವನು’ ಎಂಬುದನ್ನು ಮಾತ್ರ ಧಾರಾಳವಾಗಿ ಬಿಡಬಹುದು, ಏಕೆಂದರೆ ‘ಬಂದ’ ಎಂಬ ಕ್ರಿಯಾಪದವೇ ಬಂದವನು ಗಂಡಸೆಂದು ಹೇಳಿಬಿಡುತ್ತದೆ.

ಹನಿಗತೆಯ ಉದ್ದವನ್ನು ಯಾವುದರಿಂದ ಅಳೆಯಬೇಕೆಂಬ ನನ್ನ ಎರಡನೆಯ ಸಂದೇಹಕ್ಕೂ ಇದೇ ಉದಾಹರಣೆ ದಾರಿಮಾಡಿತು. ಅಮೆರಿಕದ ಕ್ಯಾಲಿಫೋರ್ನಿಯಾದ ವಾರಪತ್ರಿಕೆಯೊಂದು 1987ರಲ್ಲಿ ಆರಂಭಿಸಿದ ಸ್ಪರ್ಧೆಯಿಂದ 55 ಪದಗಳ ಮಿತಿ ಹೆಸರಾಯಿತು. ಸರಿಯಾಗಿ 100 ಪದಗಳಲ್ಲಿ ಬರೆಯುವ ‘ಡ್ರ್ಯಾಬಲ್’ ಎಂಬ ಮಾದರಿ ಬ್ರಿಟನ್ನಿನ ವೈಜ್ಞಾನಿಕ ಕಾದಂಬರಿಪ್ರಿಯರ ನಡುವೆ ಬೆಳೆಯಿತು. ಈ ಅಂಕಿಗಳನ್ನು ನಾವು ಹಾಗೆಯೇ ಎತ್ತಿಕೊಂಡಿದ್ದೇವೆ. ಮೇಲಿನ ಕತೆಯಲ್ಲಿ ಎಷ್ಟು ಪದಗಳಿವೆ? ‘ಕೊಡೆಯಿತ್ತು’ ಎಂದು ಕೂಡಿಸಿ ಬರೆದರೆ ಹನ್ನೆರಡು, ‘ಕೊಡೆ ಇತ್ತು’ ಎಂದು ಬಿಡಿಸಿ ಬರೆದರೆ ಹದಿಮೂರು. ‘ತೆರೆದವಳ’ ಎಂಬ ಒಂದೇ ಪದದಲ್ಲಿ ಕ್ರಿಯೆ, ಕಾಲ, ಲಿಂಗ, ವಚನ, ವಿಭಕ್ತಿ ಎಲ್ಲವೂ ಅಡಕವಾಗಿವೆ. ಪ್ರತ್ಯಯಗಳು ಪದಕ್ಕೆ ಅಂಟುತ್ತಾ ಹೋಗುವ, ಸಂಧಿಯಾಗಿ ಎರಡು ಪದಗಳು ಒಂದಾಗುವ ನಮ್ಮ ಭಾಷೆಯಲ್ಲಿ ಪದಗಳ ಲೆಕ್ಕ ಅಷ್ಟೊಂದು ಗಟ್ಟಿಯಾದ ಅಳತೆಯಲ್ಲ. ಮಿತಿಯೊಳಗೆ ತೂರಿಸುವುದಕ್ಕಾಗಿಯೇ ಪದಗಳನ್ನು ಜೋಡಿಸಿ ಬರೆದ, ಓದುವಾಗ ನಾಲಿಗೆ ತೊಡರುವಂಥ ಕತೆಗಳನ್ನು ನಾವೆಲ್ಲ ನೋಡಿದ್ದೇವೆ. ಮಾತ್ರೆಗಳನ್ನು ಎಣಿಸುವುದು ಪದ್ಯಕ್ಕೆ ಸರಿ, ಗದ್ಯಕ್ಕೆ ಅತಿಯಾಯಿತು. ಸಂಧಿ ಮಾಡಿದರೂ ಬಿಡಿಸಿದರೂ ಹೆಚ್ಚು ಏರುಪೇರಾಗದ ಅಕ್ಷರಗಳ ಲೆಕ್ಕವೇ ಹನಿಗತೆಗೆ ಮೇಲೆಂದು ನನ್ನ ಭಾವನೆ.

ತಾಲೀಮಿನ ಅಳತೆಯಾದರೋ ಉದ್ದವಲ್ಲ, ಹೊತ್ತು. ಸರಿ ತಪ್ಪು ತೂಗುವ ಮನಸ್ಸು ಅಡ್ಡಬರುವ ಮೊದಲೇ ಕೈ ಓಡಬೇಕು, ಎಲ್ಲಿಂದ ಆರಂಭಿಸಬೇಕೆಂಬುದನ್ನು ಕೂಡಲೇ ತೀರ್ಮಾನಿಸಬೇಕು, ಗಡುವು ಮುಗಿದಾಗ ಬರೆದದ್ದು ಹೇಗಿದ್ದರೂ ನಿಲ್ಲಿಸಬೇಕು. ಹಾಗೆ ಹುಟ್ಟಿದ್ದು ಹಸಿಯಾಗಿರುತ್ತದೆ, ಹಾಗಿರುವುದೇ ಸರಿ. ಮರುದಿನ ಅದನ್ನು ತಿದ್ದಿ, ಬೇಡದ್ದನ್ನು ಕಳೆದು ಉಳಿಸಿಕೊಂಡದ್ದು ಬೇಕಾದರೆ ಹನಿಗತೆಯಾದೀತು. ಹಸಿಯಾದದ್ದನ್ನು ಅದೇ ಹೆಸರಿನಿಂದ ಕರೆದು ತೂಗಿದರೆ ಹೊಸಬರು ಹಿಂಜರಿಯುತ್ತಾರೆ, ಪ್ರಕಾರಕ್ಕೂ ನ್ಯಾಯ ಸಿಗುವುದಿಲ್ಲ. ಹೆಸರಿನ ವಿಷಯದಲ್ಲಿ ನಾನು ಇಷ್ಟು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಈ ತಾಲೀಮಿನಲ್ಲಿ ಬರೆದದ್ದಕ್ಕೆ ನನಗೆ ಹೊಳೆದಿರುವ ಪದ ‘ಆಶುಕಥೆ’. ಆಶು ಎಂದರೆ ಬೇಗ. ಆಶುಕವಿತೆ, ಆಶುಭಾಷಣ ನಮಗೆ ಹೊಸವಲ್ಲ. ಆಶು ಸಂಸ್ಕೃತದ್ದಾದ್ದರಿಂದ ಇಲ್ಲಿ ‘ಕತೆ’ಯ ಬದಲು ಮಹಾಪ್ರಾಣವಿರುವ ‘ಕಥೆ’ಯನ್ನೇ ಇಟ್ಟಿದ್ದೇನೆ. ‘ಶೀಘ್ರಬರಹ’ ಎಂದರೆ ಶೀಘ್ರಲಿಪಿಯ ನೆನಪಾಗುತ್ತದೆ, ಅದು ಬೇಡ. ಬರೆಯಲು ಕೊಡುವ ಪ್ರಚೋದಕ ಸಾಲಿಗೆ, ಅವಧಾನದಲ್ಲಿ ಕವಿಯು ಪದ್ಯವಾಗಿ ಪೂರ್ತಿಮಾಡಲೆಂದು ಕೊಡುವ ಸಾಲಿನ ಹೆಸರಾದ ‘ಸಮಸ್ಯೆ’ಯನ್ನು ತರಬಹುದಿತ್ತು, ಆದರೆ ಆ ಪದದ ಇಂದಿನ ಅರ್ಥವೇ ಮುಂದೆ ಬಂದು ನಿಲ್ಲುವುದರಿಂದ ‘ಎಳೆ’ ಸಾಕೆನಿಸುತ್ತದೆ.

ನನ್ನ ಪ್ರಶ್ನೆ ಇಷ್ಟು. ಆಶುಕವಿತೆ, ಆಶುಭಾಷಣಗಳೆರಡೂ ಬಾಯಲ್ಲಿ ಹೇಳುವಂಥವು. ಹೀಗಿರುವಾಗ ‘ಆಶುಕಥೆ’ ಎಂದೊಡನೆ ತಮಗೆ ಬರೆದ ಕತೆ ಹೊಳೆಯುತ್ತದೆಯೇ, ನಿಂತಲ್ಲೇ ಹೇಳಿದ ಕತೆಯೇ? ಎರಡನೆಯದಾದರೆ, ಬರವಣಿಗೆಯನ್ನು ನೇರವಾಗಿ ಸೂಚಿಸುವ ಬೇರೆ ಪದ ಯಾವುದಿದ್ದೀತು? ಬಳಕೆಯ ಉದಾಹರಣೆಗಳೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.