ಬ್ಯಾಗ್-ಮಾಸ್ಕ್‌ಗೆ ನನಗೆ ನಾನೇ ಎಷ್ಟು ಅಂಕ ಕೊಟ್ಟುಕೊಳ್ಳಲಿ?

ನರ್ಸಿಂಗ್ ಆಫೀಸರ್, ತೀರ್ಥಹಳ್ಳಿ ತಾಲ್ಲೂಕು
ಸ್ವಮೌಲ್ಯಮಾಪನದ ಫಾರಂ ತುಂಬಬೇಕು, ಒಂದೊಂದು ಕೌಶಲಕ್ಕೆ 1ರಿಂದ 5 ಅಂಕ. ನಮ್ಮ ಪಿಎಚ್‌ಸಿಯಲ್ಲಿ ಹೆರಿಗೆ ಕಡಿಮೆ, ಹೆಚ್ಚಿನವರು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗುತ್ತಾರೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಇಲ್ಲೇ ಆಗಬೇಕು. ಹುಟ್ಟಿದಾಗ ಅಳದ ಮಗುವಿಗೆ ಬ್ಯಾಗ್-ಮಾಸ್ಕ್‌ನಿಂದ, ಅಂದರೆ ಮುಖಕ್ಕೆ ಮಾಸ್ಕ್ ಇಟ್ಟು ಗಾಳಿಚೀಲ ಹಿಂಡಿ, ಉಸಿರು ಕೊಡುವ ಹಂತಗಳು ಬಾಯಿಪಾಠ ಬರುತ್ತವೆ, ಕೈಯಲ್ಲಿ ಮಾಡಿ ತಿಂಗಳುಗಳಾದವು. 4 ಹಾಕಲೇ, 2 ಹಾಕಲೇ? ದಿನಾ ನೋಡುವ ಬಿಪಿಗೆ 5 ಹಾಕಬಹುದಲ್ಲ?

ಕೌಶಲ ತರಬೇತುದಾರ, ಶಿವಮೊಗ್ಗ
ಸಿಸ್ಟರ್, ಮೊದಲು ತರಬೇತಿಯ ಗೊಂಬೆಯ ಮೇಲೆ ಮಾಡಿ, ಆಮೇಲೆ ಅಂಕ. ಮೊಬೈಲ್ ಎದುರಿಗೆ ನಿಲ್ಲಿಸಿ ರೆಕಾರ್ಡ್ ಹಾಕಿ.

ಶುರುವಿಗೇ ಬ್ಯಾಗ್ ಪರೀಕ್ಷೆ: ಮಾಸ್ಕನ್ನು ಅಂಗೈಗೆ ಒತ್ತಿ ಬ್ಯಾಗ್ ಹಿಂಡಿದರೆ ಒತ್ತಡ ಕೈಗೆ ತಿಳಿಯಬೇಕು, ಬಿಟ್ಟಾಗ ಬ್ಯಾಗ್ ತಾನೇ ಉಬ್ಬಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ 1ನೇ ಸೈಜಿನ ಮಾಸ್ಕ್, ಅವಧಿಗೆ ಮುಂಚೆ ಹುಟ್ಟಿದ್ದಕ್ಕೆ 0. ಗದ್ದದ ತುದಿ, ಬಾಯಿ, ಮೂಗು ಮುಚ್ಚಬೇಕು, ಕಣ್ಣು ಮುಚ್ಚಬಾರದು. ಹುಟ್ಟಿದ 1 ನಿಮಿಷದೊಳಗೆ ಮೊದಲ ಉಸಿರು, ನಂತರ ನಿಮಿಷಕ್ಕೆ 40ರಿಂದ 60. ‘ಹಿಂಡು, ಎರಡು, ಮೂರು’ ಎಂದು ಬಾಯಿಬಿಟ್ಟು ಎಣಿಸಿ, ಗಾಬರಿಯಲ್ಲಿ ವೇಗ ಏರುವುದು ತಪ್ಪುತ್ತದೆ.

ಹೆಚ್ಚು ಎಡವುವುದು ಮಾಸ್ಕ್ ಹಿಡಿಯುವುದರಲ್ಲಿ. ಗಾಳಿ ಸೋರುತ್ತದೆ ಎಂದು ಕೆಳಕ್ಕೆ ಒತ್ತಿದರೆ ಕತ್ತು ಬಾಗಿ ಶ್ವಾಸದಾರಿ ಮುಚ್ಚಿಕೊಳ್ಳುತ್ತದೆ. ಮಾಸ್ಕ್ ಕೆಳಕ್ಕಲ್ಲ, ದವಡೆ ಮಾಸ್ಕಿನ ಕಡೆಗೆ ಮೇಲಕ್ಕೆ ಬರಬೇಕು. ಎದೆ ಏರದಿದ್ದರೆ ಮಾಸ್ಕ್ ಮತ್ತೆ ಕೂರಿಸಿ, ತಲೆ ಸರಿಪಡಿಸಿ, ಬಾಯಿ ಆಮೇಲೆ ಮೂಗು ಶುಚಿಮಾಡಿ, ಬಾಯಿ ತುಸು ತೆರೆಸಿ, ಕೊನೆಗೆ ಸ್ವಲ್ಪ ಜೋರಾಗಿ ಹಿಂಡಿ.

ವೈದ್ಯಾಧಿಕಾರಿ, ಸಾಗರ
ವಿಡಿಯೋ ನೀವೊಬ್ಬರೇ ನೋಡಿದರೆ ಸಾಲದು. ವೈದ್ಯರ ಸ್ವಮೌಲ್ಯಮಾಪನದ ಬಗ್ಗೆ 2006ರಲ್ಲಿ ಬಂದ ಒಂದು ಪರಾಮರ್ಶೆಯಲ್ಲಿ, ಹೊರಗಿನವರ ಅಳತೆಯೊಂದಿಗೆ ಮಾಡಿದ 20 ಹೋಲಿಕೆಗಳ ಪೈಕಿ 13ರಲ್ಲಿ ತಾಳೆ ಅಷ್ಟಕ್ಕಷ್ಟೆ, ಇಲ್ಲವೇ ಇಲ್ಲ, ಅಥವಾ ತಿರುವುಮುರುವು. ಈ ಹಂತಗಳ ಚೆಕ್‌ಲಿಸ್ಟ್ ನೀವೂ ತುಂಬಿ, ವಿಡಿಯೋ ನೋಡಿ ಸಹೋದ್ಯೋಗಿಯೂ ತುಂಬಲಿ, ಬಳಿಕ ಹೋಲಿಸಿ. ಇನ್ನೊಂದು ಮಾತು, ಒಟ್ಟು ಅಂಕ ನಂಬಬೇಡಿ. 10ರಲ್ಲಿ 9 ಹಂತ ಸರಿಯಿದ್ದೂ ಎದೆ ಏರದಿದ್ದರೆ ಅದು ಫೇಲ್. ಮಾಡಿ ನೋಡುವ ತನಕ 2 ಹಾಕಿ, ಪಕ್ಕದಲ್ಲಿ ‘ಅಭ್ಯಾಸ ಬೇಕು’ ಎಂದು ಬರೆಯಿರಿ.

ನರ್ಸಿಂಗ್ ಬೋಧಕಿ, ಶಿವಮೊಗ್ಗ
ಬಿಪಿಗೆ 5 ಹಾಕುವ ಮುನ್ನ ನಿಮ್ಮ ರಿಜಿಸ್ಟರ್ ತೆರೆಯಿರಿ. ಕೈಯಿಂದ ನೋಡುವ ಉಪಕರಣದಲ್ಲಿ ಕೊನೆಯ ಅಂಕಿ 0, 2, 4, 6, 8 ಹೆಚ್ಚುಕಡಿಮೆ ಸಮವಾಗಿ ಬರಬೇಕು, ಅಂದರೆ 0 ಐದರಲ್ಲೊಂದು. ಪುಟವೆಲ್ಲ 120/80, 130/90 ಎಂದಿದ್ದರೆ ಅಂದಾಜಿನಲ್ಲಿ ಬರೆಯುತ್ತಿದ್ದೀರಿ. ತೋಳಿನ ಪಟ್ಟಿಯ ಗಾಳಿಯನ್ನು ಸೆಕೆಂಡಿಗೆ 2 ಮಿ.ಮೀ.ಗಿಂತ ಬೇಗ ಬಿಟ್ಟರೂ ಹೀಗಾಗುತ್ತದೆ. ಇಬ್ಬರು ಒಟ್ಟಿಗೆ ಕೇಳುವ ಜೋಡಿ ಸ್ಟೆತಸ್ಕೋಪ್ ಸಿಕ್ಕಿದರೆ ಇಬ್ಬರೂ ಹೇಳಿಕೊಳ್ಳದೆ ಬರೆಯಿರಿ. 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ನೋಡಿ.